ನಾಲ್ಕು ಪೆನ್ನಿಯ ಹಾಸಿಗೆ

(ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ 1888ರ 'ಜ್ಯಾಕ್ ದ ರಿಪ್ಪರ್' ಕೊಲೆಗಳು ನಡೆದ ಜಾಗಗಳ ಬಗ್ಗೆ ಮಾಡಿದ ಉಪನ್ಯಾಸವನ್ನು ಬರಹಕ್ಕೆ ಇಳಿಸಿದ್ದೇನೆ. ಅಲ್ಲಿ ಪರದೆ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ಹೇಳಬೇಕಾಗಿರುವುದರಿಂದ ಒಂದೆರಡು ಕಡೆ ಸಾಲುಗಳನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪೂರ್ವ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಕಡೆ ಸಂಜೆ ಹೊತ್ತು ಸುತ್ತಾಡಿದರೆ ಒಂದು ದೃಶ್ಯ ಕಣ್ಣಿಗೆ ಬೀಳುತ್ತದೆ. ಇಪ್ಪತ್ತು ಜನರ ಗುಂಪು. ನಡುವೆ ಒಬ್ಬ ಗೈಡ್. ಎದುರಿಗೆ ದೊಡ್ಡ ಆಫೀಸ್ ಕಟ್ಟಡ. ಒಳಗೆ ಲೈಟು ಉರಿಯುತ್ತಿರುತ್ತದೆ, ಯಾರೋ ಇನ್ನೂ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ. ಗೈಡ್ ಕೈಯಲ್ಲಿ ಒಂದು ಹಳೆಯ ಕಪ್ಪು-ಬಿಳುಪು ಫೋಟೊ. ಅದನ್ನು ಮೇಲೆತ್ತಿ ಹಿಡಿದು, ಗೋಡೆ ಕಡೆ ಕೈ ಮಾಡಿ, 'ಇದು ಇಲ್ಲೇ ಇತ್ತು' ಅನ್ನುತ್ತಾನೆ. ಜನ ಫೋಟೊ ನೋಡುತ್ತಾರೆ. ಗೋಡೆ ನೋಡುತ್ತಾರೆ. ಗೋಡೆಯಲ್ಲಿ ನೋಡುವುದಕ್ಕೆ ಏನೂ ಇಲ್ಲ ಅಂತ ಗೊತ್ತಾಗಿ ಮತ್ತೆ ಫೋಟೊಗೆ ಬರುತ್ತಾರೆ.

ಇವತ್ತಿನ ಮಾತು ಆ ಗೋಡೆ ಬಗ್ಗೆ. ಕೊಲೆಗಾರ ಯಾರು ಅನ್ನೋದರ ಬಗ್ಗೆ ಅಲ್ಲ. ಅದನ್ನು ತಿಳಿಯೋಕೆ ಬಂದವರಿದ್ದರೆ ಈಗಲೇ ಕ್ಷಮೆ ಕೇಳಿಬಿಡುತ್ತೇನೆ. ಆ ಹುಡುಕಾಟಕ್ಕೆ ನೂರ ಮೂವತ್ತು ವರ್ಷ ದಾಟಿದೆ, ಇನ್ನೂ ಮುಗಿದಿಲ್ಲ. ನಾನು ಮುಗಿಸುವ ಹಾಗಿಲ್ಲ.

ವಿಷಯ ಎಲ್ಲರಿಗೂ ಗೊತ್ತಿರುವುದೇ. 1888ರ ಆಗಸ್ಟ್ 31ರಿಂದ ನವೆಂಬರ್ 9ರ ಒಳಗೆ ವೈಟ್‌ಚಾಪೆಲ್ ಸುತ್ತಮುತ್ತ ಐದು ಜನ ಹೆಂಗಸರ ಕೊಲೆ ಆಯಿತು. ಮೇರಿ ಆನ್ ನಿಕಲ್ಸ್, ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಇನ್ನೂ ಕೆಲವು ಕೊಲೆಗಳನ್ನು ಇದೇ ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ. ಕೊಂದವನು ಸಿಗಲಿಲ್ಲ. 'ಜ್ಯಾಕ್ ದ ರಿಪ್ಪರ್' ಅನ್ನುವ ಹೆಸರು ಬಂದಿದ್ದು ಒಂದು ಸುದ್ದಿ ಸಂಸ್ಥೆಗೆ ಬಂದ ಪತ್ರದಿಂದ. ಅದನ್ನು ಯಾವನೋ ಪತ್ರಕರ್ತನೇ ಬರೆದಿರಬೇಕು ಅಂತ ಪೊಲೀಸರಲ್ಲೇ ಕೆಲವರು ನಂಬಿದ್ದರು. ಅಂದರೆ ಹೆಸರೂ ಬಹುಶಃ ಅವನದಲ್ಲ.

ಈಗ ಈ ನಕ್ಷೆ ನೋಡಿ. ಐದು ಕೆಂಪು ಚುಕ್ಕೆಗಳು ಕೊಲೆ ನಡೆದ ಜಾಗಗಳು. ಎಲ್ಲ ಪುಸ್ತಕದಲ್ಲೂ ಇರುವ ನಕ್ಷೆಯೇ. ನಾನು ಇದಕ್ಕೆ ಇನ್ನೂ ಐದು ನೀಲಿ ಚುಕ್ಕೆ ಸೇರಿಸಿದ್ದೇನೆ. ಅವು ಈ ಹೆಂಗಸರು ಮಲಗುತ್ತಿದ್ದ ಜಾಗಗಳು. ಕೆಂಪು ಚುಕ್ಕೆಗಳು ಚದುರಿಕೊಂಡಿವೆ. ನೀಲಿಯವು ಮಾತ್ರ ಒಂದರ ಪಕ್ಕ ಒಂದು. ಥ್ರಾಲ್ ಸ್ಟ್ರೀಟ್, ಫ್ಲವರ್ ಆ್ಯಂಡ್ ಡೀನ್ ಸ್ಟ್ರೀಟ್, ಡಾರ್ಸೆಟ್ ಸ್ಟ್ರೀಟ್. ನಡೆದರೆ ಐದು ನಿಮಿಷದಲ್ಲಿ ಮೂರನ್ನೂ ಸುತ್ತಿ ಬರಬಹುದು.

ಆ ಬೀದಿಗಳ ತುಂಬ ಲಾಡ್ಜಿಂಗ್ ಹೌಸ್‌ಗಳಿದ್ದವು. ಆಡುಮಾತಿನಲ್ಲಿ 'ಡಾಸ್ ಹೌಸ್'. ಒಂದು ರಾತ್ರಿಗೆ ನಾಲ್ಕು ಪೆನ್ನಿ ಕೊಟ್ಟರೆ ಒಂದು ಹಾಸಿಗೆ. ಜೋಡಿ ಹಾಸಿಗೆಗೆ ಎಂಟು ಪೆನ್ನಿ. ದುಡ್ಡು ಆಯಾ ರಾತ್ರಿಯೇ ಕೊಡಬೇಕು, ನಾಳೆ ಕೊಡುತ್ತೇನೆ ಅನ್ನೋ ಮಾತಿಲ್ಲ. ಕೆಳಗೆ ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ಅಲ್ಲಿ ಒಲೆ ಉರಿಯುತ್ತಿರುತ್ತದೆ. ದುಡ್ಡು ಇಲ್ಲದವರು ಅಲ್ಲಿ ಸ್ವಲ್ಪ ಹೊತ್ತು ಬೆಂಕಿ ಕಾಯಿಸಿಕೊಂಡು ಕೂರಬಹುದು. ಆಮೇಲೆ ಮ್ಯಾನೇಜರ್ ಬಂದು ಎಬ್ಬಿಸುತ್ತಾನೆ.

ಈ ಹೆಂಗಸರ ಕೊನೆಯ ರಾತ್ರಿಯಲ್ಲಿ ಈ ಪುಡಿಗಾಸಿನ ಲೆಕ್ಕ ಎಲ್ಲಿ ಬರುತ್ತದೆ ಅಂತ ಹುಡುಕಿ ನೋಡಿ. ನಿಕಲ್ಸ್ ಹತ್ತಿರ ನಾಲ್ಕು ಪೆನ್ನಿ ಇರಲಿಲ್ಲ. ಥ್ರಾಲ್ ಸ್ಟ್ರೀಟಿನ ಲಾಡ್ಜಿಂಗ್ ಹೌಸಿನಿಂದ ಹೊರಗೆ ಕಳಿಸಿದರು. ರಾತ್ರಿ ಎರಡೂವರೆಗೆ ದಾರಿಯಲ್ಲಿ ಸಿಕ್ಕ ಗೆಳತಿಗೆ, ಇವತ್ತು ಹಾಸಿಗೆ ದುಡ್ಡು ಮೂರು ಸಲ ಸಂಪಾದಿಸಿದ್ದೆ, ಮೂರು ಸಲವೂ ಖರ್ಚಾಯಿತು ಅಂತ ಹೇಳಿದ್ದಳು. ಚಾಪ್‌ಮನ್ ಡಾರ್ಸೆಟ್ ಸ್ಟ್ರೀಟಿನ 35ನೇ ನಂಬರಿನ ಅಡುಗೆಮನೆಯಲ್ಲಿ ಬೇಯಿಸಿದ ಆಲೂಗಡ್ಡೆ ತಿನ್ನುತ್ತ ಕೂತಿದ್ದಳು. ಮೈಗೆ ಹುಷಾರಿರಲಿಲ್ಲ. ದುಡ್ಡು ಕೇಳಿದಾಗ ಇಲ್ಲ ಅಂದಳು. ನನ್ನ ಹಾಸಿಗೆ ಬೇರೆಯವರಿಗೆ ಕೊಡಬೇಡಿ, ಬೇಗ ಬರುತ್ತೇನೆ ಅಂತ ಹೇಳಿ ಹೊರಟಳು. ಅವಳು ಯಾವಾಗಲೂ ಮಲಗುತ್ತಿದ್ದದ್ದು 29ನೇ ನಂಬರಿನ ಹಾಸಿಗೆ. ಹೆಣ ಸಿಕ್ಕಿದ್ದು ಹ್ಯಾನ್‌ಬರಿ ಸ್ಟ್ರೀಟಿನ 29ನೇ ನಂಬರಿನ ಮನೆಯ ಹಿತ್ತಿಲಲ್ಲಿ. ಮುಂದೆ ಕೆಲ್ಲಿಯ ಬಾಡಿಗೆ ಬಾಕಿಯೂ 29 ಶಿಲ್ಲಿಂಗ್ (ಆಗ ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್). ಸಂಖ್ಯಾಶಾಸ್ತ್ರ ನಂಬುವವರಿಗೆ ಇಷ್ಟು ಸಾಕು, ನಾನು ಮುಂದಕ್ಕೆ ಹೋಗುತ್ತೇನೆ.

ಎಡೋಸ್ ಕೆಂಟ್ ಕಡೆಯ ಹಾಪ್ (ಬಿಯರಿಗೆ ಹಾಕುವ ಹೂವು) ತೋಟಗಳಲ್ಲಿ ಕೂಲಿ ಮುಗಿಸಿ ಬರಿಗೈಯಲ್ಲಿ ಲಂಡನ್ನಿಗೆ ವಾಪಸಾಗಿದ್ದಳು. ಜೊತೆಗಿದ್ದವನ ಬೂಟನ್ನು ಎರಡೂವರೆ ಶಿಲ್ಲಿಂಗಿಗೆ ಗಿರವಿ ಇಟ್ಟಿದ್ದರು. ಕೊಲೆಯಾದ ಜಾಗದಲ್ಲಿ ಒಂದು ಸಾಸಿವೆ ಡಬ್ಬಿ ಸಿಕ್ಕಿತು. ಅದರೊಳಗೆ ಗಿರವಿ ಚೀಟಿಗಳಿದ್ದವು. ಕೆಲ್ಲಿಯ ಹೆಣ ಸಿಕ್ಕಿದ್ದಂತೂ ಬಾಡಿಗೆ ವಸೂಲಿಗೆ ಬಂದವನಿಗೆ.

ಇಷ್ಟನ್ನು ತಲೆಯಲ್ಲಿ ಇಟ್ಟುಕೊಂಡು ಈಗ ಆ ಜಾಗಗಳಿಗೆ ಹೋಗೋಣ.

ಮೊದಲನೆಯದು ಬಕ್ಸ್ ರೋ. ನಿಕಲ್ಸ್ ಹೆಣ ಸಿಕ್ಕಿದ್ದು ಅಲ್ಲಿನ ಒಂದು ಲಾಯದ ಗೇಟಿನ ಮುಂದೆ. ಕೊಲೆಯ ಆಮೇಲೆ ಅಲ್ಲಿನ ಜನಕ್ಕೆ ತಮ್ಮ ವಿಳಾಸ ಹೇಳೋಕೆ ನಾಚಿಕೆ ಆಗತೊಡಗಿತು. ಪೋಸ್ಟ್‌ಮ್ಯಾನ್ 'ಕಿಲ್ಲರ್ ರೋ ಅಲ್ವಾ?' ಅಂತ ಚೇಷ್ಟೆ ಮಾಡುತ್ತಿದ್ದ ಅನ್ನೋ ಕತೆ ಇದೆ. 1892ರಲ್ಲಿ ಬೀದಿಯ ಹೆಸರು ಡರ್‌ವರ್ಡ್ ಸ್ಟ್ರೀಟ್ ಆಯಿತು. 1970ರ ದಶಕದಲ್ಲಿ ಮನೆಗಳನ್ನು ಕೆಡವಿದರು. ಆಗಿನ ಶಾಲೆಯ ಎತ್ತರದ ಕಟ್ಟಡ ಒಂದು ಉಳಿದಿದೆ, ಅದೂ ಈಗ ಫ್ಲ್ಯಾಟು. ಪಕ್ಕದಲ್ಲೇ ಎಲಿಜಬೆತ್ ಲೈನಿನ ವೈಟ್‌ಚಾಪೆಲ್ ಸ್ಟೇಷನ್. ಆ ಲೈನು 2022ರ ಮೇ 24ರಂದು ಶುರುವಾಯಿತು. ಅದೇ ವರ್ಷ ಸ್ಟೇಷನ್ ಹೆಸರನ್ನು ಬಂಗಾಳಿ ಅಕ್ಷರದಲ್ಲೂ ಹಾಕಿದರು. ಅಲ್ಲಿನ ಬಂಗಾಳಿ ಜನ ಎಷ್ಟು ವರ್ಷದಿಂದ ಇದ್ದಾರೆ ಅನ್ನೋದನ್ನು ನೆನೆದರೆ ತೀರ ತಡವಾಗಿ ಬಂದ ಬೋರ್ಡು ಅದು.

ಸ್ಟೇಷನ್ನಿನಿಂದ ಹೊರಗೆ ಬಂದರೆ ರಸ್ತೆಯ ಆಚೆ ಹಳೆಯ ಲಂಡನ್ ಆಸ್ಪತ್ರೆ. ಆ ಕಟ್ಟಡ 2023ರಿಂದ ಆ ಭಾಗದ ಸ್ಥಳೀಯ ಆಡಳಿತವಾದ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲಿನ ಟೌನ್ ಹಾಲ್. ಯಾವ ಹಳೆಯ ಕಟ್ಟಡ ಕೆಡವಬಹುದು, ಯಾವುದು ಬೇಡ ಅಂತ ತೀರ್ಮಾನಿಸುವವರು ಈಗ ಒಂದು ಹಳೆಯ ಕಟ್ಟಡದಲ್ಲೇ ಕೂತಿದ್ದಾರೆ.

ಹ್ಯಾನ್‌ಬರಿ ಸ್ಟ್ರೀಟಿಗೆ ಬರೋಣ. 29ನೇ ನಂಬರಿನ ಮನೆಯಲ್ಲಿ ಆಗ 17 ಜನ ವಾಸವಿದ್ದರು. ಮುಂದಿನ ಕೋಣೆಯಲ್ಲಿ ಬೆಕ್ಕಿಗೆ ಹಾಕುವ ಮಾಂಸದ ಅಂಗಡಿ. ಬೀದಿ ಬಾಗಿಲಿಗೆ ಬೀಗ ಇರುತ್ತಿರಲಿಲ್ಲ. ಯಾರು ಬೇಕಾದರೂ ನಡುವಿನ ಓಣಿ ದಾಟಿ ಹಿತ್ತಿಲಿಗೆ ಹೋಗಬಹುದಾಗಿತ್ತು. ಅಷ್ಟು ಜನ ಇರುವ ಮನೆಯಲ್ಲಿ ಯಾರು ಯಾವಾಗ ಕೆಲಸಕ್ಕೆ ಹೋಗುತ್ತಾರೆ, ಬರುತ್ತಾರೆ ಅಂತ ಬೀಗ ಹಾಕುವುದು? ಹಿತ್ತಿಲ ಬೇಲಿ ಆಳೆತ್ತರವೂ ಇಲ್ಲ. ಪಕ್ಕದ ಮನೆಯವನಿಗೆ ಬೇಲಿಯಾಚೆಯಿಂದ 'ಬೇಡ' ಅನ್ನೋ ದನಿ ಕೇಳಿಸಿತ್ತು, ಏನೋ ಬೇಲಿಗೆ ಬಡಿದ ಸದ್ದೂ ಕೇಳಿಸಿತ್ತು. ಅವನು ಕೆಲಸಕ್ಕೆ ಹೋದ. ಅಲ್ಲಿ ಬೆಳಗಿನ ಜಾವದ ಸದ್ದು ಯಾರಿಗೂ ಹೊಸದಲ್ಲ.

ಐದು ಜಾಗಗಳಲ್ಲಿ ಜಾಸ್ತಿ ವರ್ಷ ಇದ್ದ ಹಾಗೇ ಉಳಿದಿದ್ದವುಗಳಲ್ಲಿ ಇದೂ ಒಂದು. 1967ರ ಒಂದು ಸಾಕ್ಷ್ಯಚಿತ್ರದಲ್ಲಿ ಆ ಹಿತ್ತಿಲು, ಆ ಮೂರು ಮೆಟ್ಟಿಲು ಕಾಣುತ್ತವೆ. ಇನ್ನು ಮೂರು ವರ್ಷಕ್ಕೆ ಎಲ್ಲ ಮುಗಿಯಿತು. ಟ್ರೂಮನ್ ಬಿಯರ್ ಕಾರ್ಖಾನೆ ತನ್ನ ಜಾಗ ದೊಡ್ಡದು ಮಾಡಿಕೊಳ್ಳಲು ಬೀದಿಯ ಉತ್ತರ ಸಾಲನ್ನೇ ಕೆಡವಿತು. ತಮಾಷೆ ಅಂದರೆ ಆ ಕಾರ್ಖಾನೆಯೂ ಬಹಳ ದಿನ ಉಳಿಯಲಿಲ್ಲ, ಇಪ್ಪತ್ತು ವರ್ಷದೊಳಗೆ ಮುಚ್ಚಿತು. ಈಗ ಅದರ ಕಟ್ಟಡಗಳಲ್ಲಿ ಮಾರ್ಕೆಟ್ಟು, ಸ್ಟುಡಿಯೊ, ಬಾರು. ಅಲ್ಲೇ ಆಫೀಸು, ಅಂಗಡಿ ಕಟ್ಟುವ ಯೋಜನೆಗೆ 2021ರಲ್ಲಿ ಒಪ್ಪಿಗೆ ಸಿಕ್ಕಾಗ 'ಸೇವ್ ಬ್ರಿಕ್ ಲೇನ್' (ಆ ಕಾರ್ಖಾನೆ ಇರುವ ಬೀದಿ ಬ್ರಿಕ್ ಲೇನ್) ಅಂತ ಸ್ಥಳೀಯರು ಬೀದಿಗಿಳಿದರು. ಅವರ ಜಗಳ ಸುಪ್ರೀಂ ಕೋರ್ಟಿನ ತನಕ ಹೋಯಿತು. ಆ ಜಗಳದಲ್ಲಿ 1888ರ ಮಾತಿಲ್ಲ. ಇರುವುದು ಬಾಡಿಗೆಯ ಮಾತು. ಸಣ್ಣ ಅಂಗಡಿಯವರು, ಬಂಗಾಳಿ ಹೋಟೆಲಿನವರು ಈ ಬಾಡಿಗೆಯಲ್ಲಿ ಇಲ್ಲಿ ಬದುಕುವುದು ಹೇಗೆ ಅನ್ನೋದು.

ಹಳೆಯ ಹ್ಯಾನ್‌ಬರಿ ಸ್ಟ್ರೀಟ್ ಹೇಗಿತ್ತು ಅಂತ ನೋಡಬೇಕಾದರೆ ತಿರುಗಿ ನಿಂತರೆ ಸಾಕು. ದಕ್ಷಿಣದ ಸಾಲಿನಲ್ಲಿ 18ನೇ ಶತಮಾನದ ಮನೆಗಳು ಇನ್ನೂ ಇವೆ. ರೇಷ್ಮೆ ನೇಯುವವರು ಇದ್ದ ಕಾಲದ ಮನೆಗಳು. ಸುತ್ತಲಿನ ಬೀದಿಗಳಲ್ಲಿ ಇಂಥ ಮನೆಗಳನ್ನು ಕೆಡವಬಾರದು ಅಂತ 1970ರ ದಶಕದಲ್ಲಿ ಕೆಲವರು ಮನೆಯೊಳಗೇ ಹೊಕ್ಕು ಕೂತು ಉಳಿಸಿಕೊಂಡರು. ಇವತ್ತು ಅವು ಮಿಲಿಯನ್‌ಗಟ್ಟಲೆ ಪೌಂಡಿಗೆ ಹೋಗುತ್ತವೆ. ಕೆಡವಿದರೂ ಬಡವರು ಹೋದರು, ಉಳಿಸಿದರೂ ಬಡವರು ಹೋದರು.

ಬರ್ನರ್ ಸ್ಟ್ರೀಟಿನದು ಸಣ್ಣ ಕತೆ. ಸ್ಟ್ರೈಡ್ ಸತ್ತ ಅಂಗಳದ ಜಾಗದಲ್ಲಿ 20ನೇ ಶತಮಾನದ ಆರಂಭದಲ್ಲೇ ಶಾಲೆ ಬಂತು. ಬೀದಿಗೆ ಈಗ ಹೆನ್ರಿಕ್ಸ್ ಸ್ಟ್ರೀಟ್ ಅಂತ ಹೆಸರು. ಆ ಭಾಗದ ಯಹೂದಿ ಹುಡುಗರಿಗಾಗಿ ಕ್ಲಬ್ ನಡೆಸುತ್ತಿದ್ದ ಬಾಸಿಲ್ ಹೆನ್ರಿಕ್ಸ್ ಅವರ ಹೆಸರು. ಕೊಲೆಯ ಜಾಗದಲ್ಲಿ ಮಕ್ಕಳು ಆಡುತ್ತಿದ್ದಾರೆ. ಐದರಲ್ಲಿ ಸರಿಯಾಗಿ ಬದಲಾದ ಜಾಗ ಇದೊಂದೇ ಅಂತ ನನ್ನ ಅಭಿಪ್ರಾಯ.

ಅದೇ ರಾತ್ರಿ, ಸೆಪ್ಟೆಂಬರ್ 30, ಮೈಟರ್ ಸ್ಕ್ವೇರ್. ಇದು ಲಂಡನ್ನಿನೊಳಗೇ ಬೇರೆ ಆಡಳಿತ ಇರುವ 'ಸಿಟಿ ಆಫ್ ಲಂಡನ್' ಭಾಗದ ಗಡಿಯೊಳಗೆ ಬರುತ್ತದೆ. ಪೊಲೀಸರೂ ಬೇರೆ. ಎಡೋಸ್ ಸಂಜೆ ಕುಡಿದು ಬಿದ್ದಿದ್ದಳು ಅಂತ ಬಿಷಪ್ಸ್‌ಗೇಟ್ ಠಾಣೆಯಲ್ಲಿ ಕೂರಿಸಿದ್ದರು. ರಾತ್ರಿ ಒಂದು ಗಂಟೆಗೆ ಬಿಟ್ಟರು. ಕಾನ್‌ಸ್ಟೇಬಲ್ ವಾಟ್ಕಿನ್ಸ್ ಒಂದೂವರೆಗೆ ಮೈಟರ್ ಸ್ಕ್ವೇರಿನಲ್ಲಿ ಬೀಟ್ ಹೊಡೆದು ಹೋದಾಗ ಏನೂ ಇರಲಿಲ್ಲ. ಸುತ್ತು ಮುಗಿಸಿ 1.44ಕ್ಕೆ ವಾಪಸ್ ಬಂದಾಗ ಕತ್ತಲ ಮೂಲೆಯಲ್ಲಿ ಅವಳ ಹೆಣ. ನಡುವೆ ಹದಿನಾಲ್ಕೇ ನಿಮಿಷ. ಎದುರಿನ ಗೋಡೌನಿನ ವಾಚ್‌ಮನ್ ನಿವೃತ್ತ ಪೊಲೀಸ್. ಅವನಿಗೂ ಏನೂ ಕೇಳಿಸಿರಲಿಲ್ಲ.

ಸಿಟಿ ಪೊಲೀಸರು ಕೆಲಸದಲ್ಲಿ ಅಚ್ಚುಕಟ್ಟು. ಫ್ರೆಡ್ರಿಕ್ ಫಾಸ್ಟರ್ ಅನ್ನುವ ಸರ್ವೇಯರ್ ಆ ಚೌಕವನ್ನು ಅಳೆದು ನಕ್ಷೆ ಬರೆದ. ಆ ನಕ್ಷೆ ಮರಣ ವಿಚಾರಣೆಯಲ್ಲಿ ಹಾಜರಾಯಿತು, ಇವತ್ತಿಗೂ ಇದೆ. ಹಾಗಾಗಿ ಹೆಣ ಬಿದ್ದಿದ್ದ ಮೂಲೆ ಯಾವುದು ಅಂತ ಕರಾರುವಾಕ್ಕಾಗಿ ಹೇಳಬಹುದು. ಹೇಳಬಹುದಷ್ಟೆ. ಗೋಡೌನುಗಳು ಹೋಗಿ ಆಫೀಸು ಬಂತು, ಆ ಆಫೀಸೂ ಹೋಗಿ 2016ರ ಹೊತ್ತಿಗೆ ಒನ್ ಕ್ರೀಚರ್ಚ್ ಪ್ಲೇಸ್ ಅನ್ನುವ ಹದಿನೇಳು ಅಂತಸ್ತಿನ ಕಟ್ಟಡ ಎದ್ದಿತು. ಮೊದಲು ಆ ಮೂಲೆಯಲ್ಲಿ ಒಂದು ಬೆಂಚು, ಸುತ್ತ ಹೂವಿನ ಪಾತಿ ಇದ್ದವು. ನೆಲಕ್ಕೆ ಹಳೆಯ ಕಲ್ಲು ಹಾಸು ಇತ್ತು. ಗೈಡುಗಳು ಆ ಕಲ್ಲನ್ನು ಕಾಲಲ್ಲಿ ತಟ್ಟಿ ತೋರಿಸುತ್ತಿದ್ದರು.

ಮೂಲೆಗೆ ಅಂಟಿಕೊಂಡೇ ಒಂದು ಪ್ರೈಮರಿ ಶಾಲೆ ಇದೆ. ಬಹಳ ಕಾಲ ಸರ್ ಜಾನ್ ಕ್ಯಾಸ್ ಹೆಸರಿನಲ್ಲಿತ್ತು. 2020ರಲ್ಲಿ ಆಲ್ಡ್‌ಗೇಟ್ ಸ್ಕೂಲ್ ಅಂತ ಹೆಸರು ಬದಲಾಯಿಸಿದರು. ಕೊಲೆಗೂ ಇದಕ್ಕೂ ಸಂಬಂಧ ಇಲ್ಲ. ದಾನಿ ಕ್ಯಾಸ್ ಗುಲಾಮರ ವ್ಯಾಪಾರದಲ್ಲಿ ಪಾಲುದಾರನಾಗಿದ್ದ ಅನ್ನೋ ಕಾರಣಕ್ಕೆ. ಅಂದರೆ ಒಂದೇ ಚೌಕದಲ್ಲಿ ಒಂದು ಅಪರಾಧದ ಗುರುತನ್ನು ಯೋಚಿಸಿ, ಚರ್ಚಿಸಿ ತೆಗೆದರು. ಇನ್ನೊಂದರ ಗುರುತು ಕಟ್ಟಡ ಕಟ್ಟುವ ಗಡಿಬಿಡಿಯಲ್ಲಿ ಹೋಯಿತು.

ಎಡೋಸ್‌ಳ ಏಪ್ರನ್ನಿನ ಒಂದು ತುಂಡು ಅದೇ ರಾತ್ರಿ ಗೌಲ್‌ಸ್ಟನ್ ಸ್ಟ್ರೀಟಿನ ವೆಂಟ್‌ವರ್ತ್ ಡ್ವೆಲಿಂಗ್ಸ್ ಅನ್ನುವ ಕಟ್ಟಡದ ಬಾಗಿಲಲ್ಲಿ ಸಿಕ್ಕಿತು. ಅದರ ಮೇಲ್ಗಡೆ ಸೀಮೆಸುಣ್ಣದಲ್ಲಿ ಯಹೂದಿಗಳ ಬಗ್ಗೆ ಒಂದು ಸಾಲು ಬರೆದಿತ್ತು. ಇದು ಉಳಿದ ಲಂಡನ್ನನ್ನು ನೋಡಿಕೊಳ್ಳುವ ಮೆಟ್ರೊಪಾಲಿಟನ್ ಪೊಲೀಸರ ಗಡಿ. ಬೆಳಗಾಗಲಿ, ಫೋಟೊ ತೆಗೆಯೋಣ ಅಂತ ಸಿಟಿ ಪೊಲೀಸರು ಅಂದರು. ಮೆಟ್ರೊಪಾಲಿಟನ್ ಕಮಿಷನರ್ ಸರ್ ಚಾರ್ಲ್ಸ್ ವಾರನ್ ಖುದ್ದಾಗಿ ಬಂದು, ಇದನ್ನು ಓದಿ ಜನ ಯಹೂದಿಗಳ ಮೇಲೆ ಬಿದ್ದಾರು ಅಂತ ಹೆದರಿ ಬೆಳಗಿನ ಐದೂವರೆ ಹೊತ್ತಿಗೆ ಒರೆಸಿಸಿಬಿಟ್ಟ. ಆ ಬಾಗಿಲು ಇವತ್ತಿಗೂ ಇದೆ. ಇಡೀ ಪ್ರಕರಣದಲ್ಲಿ ಕಟ್ಟಡ ಗಟ್ಟಿಯಾಗಿ ಉಳಿದು ಸಾಕ್ಷ್ಯ ಮಾತ್ರ ಹೋದ ಜಾಗ ಇದು. ಒರೆಸಲು ಬುಲ್‌ಡೋಜರ್ ಬೇಕಾಗಲಿಲ್ಲ, ಒದ್ದೆ ಬಟ್ಟೆ ಸಾಕಾಯಿತು.

ಇನ್ನು ಡಾರ್ಸೆಟ್ ಸ್ಟ್ರೀಟ್. ಶುರುವಿನಲ್ಲಿ ಹೇಳಿದ ಗೋಡೆ ಇರುವುದು ಇಲ್ಲೇ.

ಈ ಬೀದಿಯಿಂದ ಒಂದು ಕಮಾನು ಸಂದಿ ಒಳಕ್ಕೆ ಹೋಗುತ್ತಿತ್ತು. ಒಳಗೆ ಮಿಲ್ಲರ್ಸ್ ಕೋರ್ಟ್. ಅಲ್ಲಿ 13ನೇ ನಂಬರು ಅಂದರೆ ನಿಜವಾಗಿ ಬೇರೆ ಮನೆಯಲ್ಲ, ಮುಂದಿನ ಮನೆಯ ಹಿಂಭಾಗಕ್ಕೆ ಅಡ್ಡಗೋಡೆ ಹಾಕಿ ಮಾಡಿದ ಒಂದೇ ಕೋಣೆ. ಉದ್ದ ಅಗಲ ಹತ್ತು ಹನ್ನೆರಡು ಅಡಿ. ಒಂದು ಮಂಚ, ಎರಡು ಮೇಜು, ಒಂದು ಒಲೆ. ಕಿಟಕಿ ಗಾಜು ಒಡೆದಿತ್ತು. ಬೀಗದ ಕೈ ಕಳೆದುಹೋಗಿದ್ದರಿಂದ ಆ ಒಡೆದ ಕಿಟಕಿಯಿಂದಲೇ ಕೈ ಹಾಕಿ ಬಾಗಿಲು ತೆಗೆಯುತ್ತಿದ್ದರು. ವಾರಕ್ಕೆ ನಾಲ್ಕೂವರೆ ಶಿಲ್ಲಿಂಗ್ ಬಾಡಿಗೆ. ಆರು ವಾರಕ್ಕೂ ಜಾಸ್ತಿ ಬಾಕಿ ಬಿದ್ದಿತ್ತು. ನವೆಂಬರ್ 9ರ ಬೆಳಿಗ್ಗೆ ಮನೆ ಮಾಲೀಕ ಮೆಕಾರ್ಥಿ ತನ್ನ ಕಡೆಯ ಬೌಯರ್‌ನನ್ನು ವಸೂಲಿಗೆ ಕಳಿಸಿದ. ಬಾಗಿಲು ಬಡಿದರೆ ಉತ್ತರ ಇಲ್ಲ. ಒಡೆದ ಗಾಜಿನೊಳಗೆ ಕೈ ಹಾಕಿ ಪರದೆ ಸರಿಸಿದ. ಉಳಿದಿದ್ದು ನಿಮಗೆ ಗೊತ್ತು. ಗೈಡ್ ಎತ್ತಿ ಹಿಡಿಯುವುದು ಆ ಕೋಣೆಯ ಫೋಟೊವನ್ನೇ. ಅದನ್ನು ನಾನು ಇವತ್ತು ಪರದೆ ಮೇಲೆ ಹಾಕುವುದಿಲ್ಲ.

ಬೀದಿಯ ಹೆಸರು 1904ರಲ್ಲಿ ಡುವಾಲ್ ಸ್ಟ್ರೀಟ್ ಆಯಿತು. ಅದಕ್ಕೂ ಮುಂಚೆ, 1901ರಲ್ಲಿ, ಡೈಲಿ ಮೇಲ್ ಪತ್ರಿಕೆ ಇದನ್ನು ಲಂಡನ್ನಿನ ಅತಿ ಕೆಟ್ಟ ಬೀದಿ ಅಂತ ಬರೆದಿತ್ತು. ಮೆಕಾರ್ಥಿಗೆ ಸಿಟ್ಟು ಬಂತು. ಸಭೆ ಕರೆದು, ಭಾಷಣ ಮಾಡಿ, ಅದನ್ನು ಅಚ್ಚು ಹಾಕಿಸಿ ಹಂಚಿದ. ಬೀದಿಯ ಮಾನ ಕಾಪಾಡಲು ಎದ್ದು ನಿಂತವನು ಅದರ ಬಾಡಿಗೆ ತಿನ್ನುತ್ತಿದ್ದ ಮನುಷ್ಯ! 1928ರಲ್ಲಿ ಉತ್ತರ ಸಾಲು ಹೋಯಿತು, ಅದರ ಜೊತೆಗೆ ಮಿಲ್ಲರ್ಸ್ ಕೋರ್ಟ್ ಕೂಡ. ಆ ಜಾಗದಲ್ಲಿ ಹಣ್ಣು ಮತ್ತು ಉಣ್ಣೆ ವ್ಯಾಪಾರದ ಎಕ್ಸ್‌ಚೇಂಜ್ ಕಟ್ಟಡ ಬಂತು. 1960ರ ದಶಕದಲ್ಲಿ ದಕ್ಷಿಣದ ಸಾಲೂ ಹೋಗಿ ಬಹುಮಹಡಿ ಕಾರ್ ಪಾರ್ಕಿಂಗ್ ಎದ್ದಿತು. ನಡುವೆ ಬೀದಿ ಮಾತ್ರ ಉಳಿಯಿತು. ಹೆಸರಿಲ್ಲ, ಬೋರ್ಡಿಲ್ಲ, ಮನೆಯಿಲ್ಲ. ಲಾರಿ ಹೋಗಿ ಬರುವ ದಾರಿ ಅಷ್ಟೆ. 1991ರಲ್ಲಿ ಪಕ್ಕದ ಸ್ಪಿಟಲ್‌ಫೀಲ್ಡ್ಸ್ ಸಗಟು ಮಾರುಕಟ್ಟೆ ಲೇಟನ್ ಕಡೆಗೆ ಹೋದ ಮೇಲೆ ಲಾರಿಗಳೂ ನಿಂತವು.

ಆಮೇಲೆ ಆ ಜಾಗಕ್ಕೆಲ್ಲ ಸೇರಿ ಒಂದು ದೊಡ್ಡ ಯೋಜನೆ ಬಂತು. ಕೌನ್ಸಿಲ್ ಎರಡು ಸಲ ಬೇಡ ಅಂದಿತು. 2012ರಲ್ಲಿ ಆಗಿನ ಮೇಯರ್ ಬೋರಿಸ್ ಜಾನ್ಸನ್ ಅದನ್ನು ಬದಿಗೆ ಸರಿಸಿ ಒಪ್ಪಿಗೆ ಕೊಟ್ಟರು. ಎಕ್ಸ್‌ಚೇಂಜಿನ ಮುಂದಿನ ಗೋಡೆಯೊಂದನ್ನು ನಿಲ್ಲಿಸಿಕೊಂಡು ಹಿಂದಿನದನ್ನೆಲ್ಲ ಕೆಡವಿದರು. ಕಾರ್ ಪಾರ್ಕಿಂಗ್ ಹೋಯಿತು. ಬೀದಿಯೂ ಹೋಯಿತು. ನಕ್ಷೆಯಲ್ಲಿ ಗೆರೆಯಾಗಿ ಕೂಡ ಡಾರ್ಸೆಟ್ ಸ್ಟ್ರೀಟ್ ಈಗ ಇಲ್ಲ. ಅಲ್ಲಿರುವುದು ಒಂದು ದೊಡ್ಡ ಕಾನೂನು ಕಂಪನಿಯ ಆಫೀಸು.

ಸಭೆಯಲ್ಲಿ ಒಬ್ಬರು ಇಲ್ಲೇ ಮಾತು ತಡೆದು ಕೇಳಿದರು: 'ಮಿಲ್ಲರ್ಸ್ ಕೋರ್ಟನ್ನು ಉಳಿಸಬೇಕಿತ್ತು ಅಂತೀರಾ?'

ಒಳ್ಳೆಯ ಪ್ರಶ್ನೆ. ಇಲ್ಲ ಅಂತಲೇ ನನ್ನ ಉತ್ತರ. ಆ ಕೋಣೆ ಉಳಿದಿದ್ದರೆ ಇಷ್ಟು ಹೊತ್ತಿಗೆ ಟಿಕೆಟ್ ಇಟ್ಟು ಮೇಣದ ಬೊಂಬೆ ಮಲಗಿಸಿರುತ್ತಿದ್ದರು. ಇದು ಸುಮ್ನೆ ಹೇಳುವ ಮಾತಲ್ಲ. ಅಲ್ಲಿನ ಟೆನ್ ಬೆಲ್ಸ್ ಪಬ್ಬಿಗೆ 1976ರಿಂದ 1988ರ ತನಕ 'ಜ್ಯಾಕ್ ದ ರಿಪ್ಪರ್' ಅಂತಲೇ ಹೆಸರಿತ್ತು. ಹೆಂಗಸರು ಪ್ರತಿಭಟನೆ ಮಾಡಿದ ಮೇಲೆ ಹಳೆಯ ಹೆಸರು ವಾಪಸ್ ಬಂತು. ಕೇಬಲ್ ಸ್ಟ್ರೀಟಿನಲ್ಲಿ ಹೆಂಗಸರ ಇತಿಹಾಸದ ಮ್ಯೂಸಿಯಂ ಮಾಡುತ್ತೇವೆ ಅಂತ ಅನುಮತಿ ತೆಗೆದುಕೊಂಡರು. 2015ರಲ್ಲಿ ಮುಚ್ಚಿದ್ದ ಪರದೆ ತೆಗೆದರೆ ಬೋರ್ಡಿನ ಮೇಲೆ ಇದ್ದದ್ದು ರಿಪ್ಪರ್ ಮ್ಯೂಸಿಯಂ ಅಂತ.

ಉಳಿಸಬೇಕಿದ್ದದ್ದು ಬೇರೆ. 35ನೇ ನಂಬರಿನಂಥ ಒಂದು ಲಾಡ್ಜಿಂಗ್ ಹೌಸ್. ಕೆಳಗೆ ಆ ಅಡುಗೆಮನೆ, ಬೆಂಚು, ಒಲೆ, ಮೇಲೆ ಸಾಲಾಗಿ ಹಾಸಿಗೆಗಳು. ಮಾರುಕಟ್ಟೆಯ ಇನ್ನೊಂದು ಪಕ್ಕದಲ್ಲಿ ಬಿಷಪ್ಸ್ ಸ್ಕ್ವೇರ್ ಅಂತ ಇದೆ. ಅಲ್ಲಿ ಆಫೀಸು ಕಟ್ಟಲು ಅಗೆದಾಗ ಮಧ್ಯಯುಗದ ಆಸ್ಪತ್ರೆಯ ಸ್ಮಶಾನ ಸಿಕ್ಕಿತು. ಹತ್ತು ಸಾವಿರಕ್ಕೂ ಜಾಸ್ತಿ ಅಸ್ಥಿಪಂಜರಗಳನ್ನು ಎತ್ತಿದರು. ಮೂಳೆ ಇಡುತ್ತಿದ್ದ 14ನೇ ಶತಮಾನದ ನೆಲಮಾಳಿಗೆಯನ್ನು ಗಾಜಿನ ಕೆಳಗೆ ಹಾಗೇ ಬಿಟ್ಟಿದ್ದಾರೆ, ನಿಂತು ನೋಡಬಹುದು. ಏಳುನೂರು ವರ್ಷ ಹಳೆಯ ಬಡವರಿಗೆ ಗಾಜು ಹಾಕುವುದು ಸುಲಭ. ಮೊನ್ನೆಮೊನ್ನೆಯ ಬಡವರು ಅಂದರೆ ಕೆಡವುವವರಿಗೂ ಮುಜುಗರ, ಕಟ್ಟುವವರಿಗೂ ಮುಜುಗರ.

ಇನ್ನೊಂದು ವಿಷಯ. ಕೆಡವುವುದು ಈಗಿನ ಬಿಲ್ಡರುಗಳಿಂದ ಶುರುವಾಯಿತು ಅಂತ ನೀವು ಅಂದುಕೊಂಡಿದ್ದರೆ ಅದು ತಪ್ಪು. ಕೊಲೆಗೆ ಐದು ವರ್ಷ ಮುಂಚೆಯೇ, 1883ರಲ್ಲಿ, ಫ್ಲವರ್ ಆ್ಯಂಡ್ ಡೀನ್ ಸ್ಟ್ರೀಟಿನ ಒಂದು ಭಾಗವನ್ನು ಕೊಳೆಗೇರಿ ನಿರ್ಮೂಲನೆ ಅಂತ ಕೆಡವಿದ್ದರು. ಅಲ್ಲಿಂದ ಎದ್ದವರು ಹೋಗಿ ತುಂಬಿಕೊಂಡದ್ದು ಡಾರ್ಸೆಟ್ ಸ್ಟ್ರೀಟನ್ನು. ಕೆಡವಿದ ಜಾಗದಲ್ಲಿ ರಾಥ್‌ಚೈಲ್ಡ್ ಮನೆತನದವರು ಮುಂದೆ ನಿಂತು ಕಟ್ಟಿದ ವಸತಿ ಕಟ್ಟಡ 1887ರಲ್ಲಿ ಬಂತು. ಆ ಕಂಪನಿಯ ಹೆಸರಿನಲ್ಲೇ 'ನಾಲ್ಕು ಪರ್ಸೆಂಟ್' ಅಂತ ಇತ್ತು. ಹೂಡಿದ ದುಡ್ಡಿಗೆ ನೂರಕ್ಕೆ ನಾಲ್ಕು ಲಾಭ. ಒಳ್ಳೆಯ ಉದ್ದೇಶವೇ, ಒಳ್ಳೆಯ ಮನೆಗಳೇ. ಆದರೆ ವಾರವಾರ ತಪ್ಪದೆ ಬಾಡಿಗೆ ಕೊಡುವ ಕೆಲಸಗಾರ ಕುಟುಂಬಗಳಿಗೆ. ರಾತ್ರಿ ಲೆಕ್ಕದಲ್ಲಿ ನಾಲ್ಕು ಪೆನ್ನಿ ಹೊಂದಿಸುವ ಒಂಟಿ ಹೆಂಗಸಿಗೆ ಅಲ್ಲಿ ಏನು ಕೆಲಸ?

ಕೊಲೆಗಳು ನಡೆದಾಗ ಇಡೀ ಲಂಡನ್ ಈ ಬೀದಿಗಳ ಕಡೆ ತಿರುಗಿ ನೋಡಿತು. ಸೇಂಟ್ ಜೂಡ್ಸ್ ಚರ್ಚಿನ ಪಾದ್ರಿ ಸ್ಯಾಮುಯೆಲ್ ಬಾರ್ನೆಟ್ ಟೈಮ್ಸ್ ಪತ್ರಿಕೆಗೆ ಬರೆದು ಬೀದಿ ದೀಪ, ಸ್ವಚ್ಛತೆ, ಮನೆ ಮಾಲೀಕರ ಜವಾಬ್ದಾರಿ ಎಲ್ಲ ಎತ್ತಿದರು. ಬರ್ನಾರ್ಡ್ ಶಾ ಸೆಪ್ಟೆಂಬರ್ 24ರ ಸ್ಟಾರ್ ಪತ್ರಿಕೆಯಲ್ಲಿ ಒಂದು ಕಟುವಾದ ಪತ್ರ ಬರೆದರು. ನಾವೆಲ್ಲ ಸಮಾಜವಾದ ಅಂತ ಭಾಷಣ ಮಾಡುತ್ತ ಕೂತಿದ್ದೆವು, ಯಾವನೋ ಒಬ್ಬ ಪ್ರತಿಭಾವಂತ ನಾಲ್ಕು ಹೆಂಗಸರನ್ನು ಕೊಂದು ಶ್ರೀಮಂತರ ಗಮನ ಈ ಕಡೆ ತಂದ ಅನ್ನೋ ಅರ್ಥದ ಪತ್ರ. ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮುಂದಿನ ಕೆಲವು ವರ್ಷದಲ್ಲಿ ಥ್ರಾಲ್ ಸ್ಟ್ರೀಟ್, ಫ್ಲವರ್ 
ಆ್ಯಂಡ್ ಡೀನ್ ಸ್ಟ್ರೀಟ್ ಎರಡರಲ್ಲೂ ಹಳೆಯ ಮನೆಗಳು ಉರುಳಿ ಹೊಸ ವಸತಿ ಕಟ್ಟಡಗಳು ಎದ್ದವು. 1970ರ ದಶಕದಲ್ಲಿ ಅವೂ ಹಳೆಯವಾದವು, ಅವನ್ನೂ ಕೆಡವಿದರು. ರಾಥ್‌ಚೈಲ್ಡ್ ಕಟ್ಟಡದ ಒಂದು ಕಮಾನು ಮಾತ್ರ ವೆಂಟ್‌ವರ್ತ್ ಸ್ಟ್ರೀಟಿನಲ್ಲಿ ನಿಂತಿದೆ.

ಜಾಗಗಳೆಲ್ಲ ಹೋದರೂ ಗೈಡ್‌ಗಳ ವ್ಯಾಪಾರ ನಿಂತಿಲ್ಲ. ಅವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಕೊಲೆ ನಡೆದ ಜಾಗ ಹಳೆಯದಾಗಿ ಕಾಣದಿದ್ದರೆ, ಹಳೆಯದಾಗಿ ಕಾಣುವ ಜಾಗದ ಮೂಲಕ ಜನರನ್ನು ನಡೆಸುವುದು. ಗಂಥಾರ್ಪ್ ಸ್ಟ್ರೀಟಿನ ಬಾಯಲ್ಲಿ ಪಬ್ಬಿನ ಪಕ್ಕ ಒಂದು ಇಕ್ಕಟ್ಟು ಕಮಾನು ಇದೆ, ಆರ್ಟಿಲರಿ ಪ್ಯಾಸೇಜ್ ಅಂತ ಒಂದು ಕಿರಿದಾದ ಓಣಿ ಇದೆ. ಗಂಥಾರ್ಪ್‌ನಲ್ಲಾದರೂ, ಕೆಲವರು ಇದೇ ಲೆಕ್ಕಕ್ಕೆ ಸೇರಿಸುವ ಮಾರ್ಥಾ ಟ್ಯಾಬ್ರಮ್ ಕೊಲೆ ಆಗಿತ್ತು, ಆಗ ಅದರ ಹೆಸರು ಜಾರ್ಜ್ ಯಾರ್ಡ್. ಆರ್ಟಿಲರಿ ಪ್ಯಾಸೇಜಿನಲ್ಲಿ ಐದರಲ್ಲಿ ಯಾವುದೂ ಆಗಿಲ್ಲ. ಆದರೆ ಮೈ ಜುಮ್ ಅನ್ನುವುದು ಅಲ್ಲೇ.

ಇದೇ ಪ್ರದೇಶದಲ್ಲಿ ಇನ್ನೊಂದು ಕೊಲೆಯ ಜಾಗವೂ ಇದೆ. ಅಲ್ಲಿಗೆ ರಿಪ್ಪರ್ ಟೂರಿನವರು ಹೋಗುವುದು ಕಡಿಮೆ. 1978ರ ಮೇ 4ರಂದು ಅಲ್ತಾಬ್ ಅಲಿ ಅನ್ನುವ ಬಂಗಾಳಿ ಯುವಕ ಬಟ್ಟೆ ಕಾರ್ಖಾನೆಯ ಕೆಲಸ ಮುಗಿಸಿ ಮನೆಗೆ ಹೋಗುತ್ತಿದ್ದ. ಆ್ಯಡ್ಲರ್ ಸ್ಟ್ರೀಟಿನಲ್ಲಿ ಮೂವರು ಹುಡುಗರು ಚೂರಿ ಹಾಕಿ ಕೊಂದರು. ಜನಾಂಗ ದ್ವೇಷ ಬಿಟ್ಟರೆ ಬೇರೆ ಕಾರಣ ಇರಲಿಲ್ಲ. ಹತ್ತು ದಿನಕ್ಕೆ ಸುಮಾರು 7,000 ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿ ಮನೆ ಇರುವ ಡೌನಿಂಗ್ ಸ್ಟ್ರೀಟಿನವರೆಗೆ ನಡೆದರು. ಪಕ್ಕದ ಪಾರ್ಕಿಗೆ 1998ರಲ್ಲಿ ಅಲ್ತಾಬ್ ಅಲಿ ಪಾರ್ಕ್ ಅಂತ ಹೆಸರಿಟ್ಟರು. ಆ ಪಾರ್ಕ್ ಇರುವುದು ಸೇಂಟ್ ಮೇರಿ ಚರ್ಚಿದ್ದ ಜಾಗದಲ್ಲಿ. ವೈಟ್‌ಚಾಪೆಲ್ ಅನ್ನುವ ಹೆಸರು ಬಂದಿದ್ದೇ ಆ ಬಿಳಿ ಚರ್ಚಿನಿಂದ. ಎರಡನೇ ಮಹಾಯುದ್ಧದ ಬಾಂಬಿಗೆ ಅದು ಹೋಯಿತು.

ಅಲ್ತಾಬ್ ಅಲಿಯನ್ನು ಕೊಂದವರ ಹೆಸರು ಇಲ್ಲಿರುವ ಯಾರಿಗಾದರೂ ಗೊತ್ತಾ? ನನಗೂ ಬಾಯಿಗೆ ಬರುವುದಿಲ್ಲ. ನಿಕಲ್ಸ್, ಚಾಪ್‌ಮನ್ ಹೆಸರಿನಲ್ಲಿ ಒಂದು ಪಾರ್ಕೂ ಇಲ್ಲ, ಅವರ ಹಿಂದೆ ಡೌನಿಂಗ್ ಸ್ಟ್ರೀಟಿಗೆ ನಡೆದವರೂ ಇಲ್ಲ.

ಮುಗಿಸುವ ಮುಂಚೆ ಮತ್ತೆ ಆ ಗೋಡೆಯ ಹತ್ತಿರ ಹೋಗೋಣ. ಡಾರ್ಸೆಟ್ ಸ್ಟ್ರೀಟಿನ ಪಶ್ಚಿಮದ ತುದಿ ಕ್ರಿಸ್ಪಿನ್ ಸ್ಟ್ರೀಟಿಗೆ ಸೇರುತ್ತಿತ್ತು. ಸರಿಯಾಗಿ ಆ ತುದಿಯ ಎದುರಿಗೆ ಒಂದು ಹಳೆಯ ಇಟ್ಟಿಗೆ ಕಟ್ಟಡ ಇದೆ. ಹೆಸರು ಪ್ರಾವಿಡೆನ್ಸ್ ರೋ. 1868ರಲ್ಲಿ ಕ್ಯಾಥೊಲಿಕ್ ಸಂನ್ಯಾಸಿನಿಯರು ಅಲ್ಲಿ ರಾತ್ರಿ ಆಶ್ರಯ ಶುರುಮಾಡಿದರು. ಮನೆಯಿಲ್ಲದವರು ಬಾಗಿಲ ಮುಂದೆ ಸಾಲು ನಿಲ್ಲುತ್ತಿದ್ದರು. ಹಾಸಿಗೆಗೆ ದುಡ್ಡು ಕೊಡಬೇಕಿರಲಿಲ್ಲ, ಆದರೆ ಎಲ್ಲರಿಗೂ ಜಾಗ ಸಿಗುತ್ತಿರಲಿಲ್ಲ. ಈಗ ಅದು ಕಾಲೇಜು ವಿದ್ಯಾರ್ಥಿಗಳ ಹಾಸ್ಟೆಲ್. ಕಟ್ಟಡವನ್ನು ಕೆಡವಿಲ್ಲ. ಒಂದು ಬಾಗಿಲ ಮೇಲೆ 'ಮೆನ್' ಅಂತ, ಇನ್ನೊಂದು ಬಾಗಿಲ ಮೇಲೆ 'ವಿಮೆನ್' ಅಂತ ಕೆತ್ತಿದ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಟೂರಿನ ಗುಂಪು ಆಫೀಸಿನ ಗೋಡೆ ಕಡೆ ಮುಖ ಮಾಡಿ ನಿಂತಾಗ ಆ ಎರಡನೆಯ ಬಾಗಿಲು ಅವರ ಬೆನ್ನ ಹಿಂದೆ ಇರುತ್ತದೆ.